ಲಾನ್ ಒಣಗಿದರೆ ಮೊದಲು ಪ್ರೆಶರ್ ಅಳೆಯಿರಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಿಸಿಲಿಗೆ ಲಾನ್‌ನ ಒಂದು ಮೂಲೆ ಕಂದಿದ ಕೂಡಲೇ ಹೆಚ್ಚಿನ ಮನೆಗಳಲ್ಲಿ ಎರಡೇ ಕೆಲಸ ನಡೆಯುತ್ತವೆ. ಟೈಮರ್‌ನಲ್ಲಿ ಐದು ನಿಮಿಷ ಹೆಚ್ಚಿಸುತ್ತಾರೆ, ಇಲ್ಲವೇ ಆ ಮೂಲೆಯ ಸ್ಪ್ರಿಂಕ್ಲರ್ ಕಿತ್ತು ಹೊಸದು ಹಾಕಿಸುತ್ತಾರೆ. ಎರಡೂ ಬಹುತೇಕ ಸಲ ತಪ್ಪು ಮದ್ದು. ನಿಮಿಷ ಹೆಚ್ಚಿಸಿದರೆ ಮೊದಲೇ ಚೆನ್ನಾಗಿ ನೆನೆಯುತ್ತಿದ್ದ ಜಾಗ ಕೆಸರಾಗುತ್ತದೆ, ಒಣಗಿದ ಮೂಲೆ ಒಣಗಿಯೇ ಇರುತ್ತದೆ. ಹೊಸ ಸ್ಪ್ರಿಂಕ್ಲರ್‌ಗೂ ಹಳೆಯದಕ್ಕೆ ಬರುತ್ತಿದ್ದಷ್ಟೇ ನೀರು ಬರುತ್ತದೆ. ಪೈಪಿನಲ್ಲಿ ಎಷ್ಟು ಒತ್ತಡವಿದೆ, ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತಿದೆ, ನೆಲಕ್ಕೆ ಎಷ್ಟು ಮಿಲಿಮೀಟರ್ ಬೀಳುತ್ತಿದೆ ಎಂಬ ಮೂರು ಲೆಕ್ಕ ಸಿಗುವವರೆಗೆ ಒಂದು ಪೈಸೆಯನ್ನೂ ಖರ್ಚು ಮಾಡಬಾರದು. ಈ ಮೂರನ್ನೂ ಮನೆಯವರೇ ಒಂದು ಭಾನುವಾರ ಬೆಳಿಗ್ಗೆ ಅಳೆದುಕೊಳ್ಳಬಹುದು. ಅದು ಹೇಗೆಂದು ತಮ್ಮ ಓದುಗರಿಗೆ ತಿಳಿಸಲು ಈ ಪತ್ರ.

ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಮತ್ತೆ ತಪ್ಪಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ. ಅದು ಸರಿಯಾದ ಆದೇಶ. ಆದರೆ ಅದರ ನಂತರ ಅನೇಕರು ಸ್ಪ್ರಿಂಕ್ಲರ್ ನಿಲ್ಲಿಸಿ ಕೈಯಲ್ಲಿ ಪೈಪ್ ಹಿಡಿದು ಬೋರ್‌ವೆಲ್ ನೀರನ್ನೋ ಟ್ಯಾಂಕರ್ ನೀರನ್ನೋ ಹಾಯಿಸುತ್ತಿದ್ದಾರೆ. ನೀರು ಉಳಿಯಿತೆಂದು ಅವರು ನಂಬಿದ್ದಾರೆ. ಅರ್ಧ ಇಂಚಿನ ಪೈಪಿನಿಂದ ನಿಮಿಷಕ್ಕೆ 15–20 ಲೀಟರ್ ಸುರಿಯುತ್ತದೆ. ಅರ್ಧ ಗಂಟೆ ಹಿಡಿದರೆ 500 ಲೀಟರ್ ಹೋಯಿತು, ಅದೂ ಎಲ್ಲೆಲ್ಲಿ ಎಷ್ಟು ಬಿತ್ತೆಂಬ ಲೆಕ್ಕವಿಲ್ಲದೆ.

ಲೆಕ್ಕ ಇಷ್ಟು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಸಾವಿರ ಚದರಡಿ ಲಾನ್ ಎಂದರೆ ಸುಮಾರು 93 ಚದರ ಮೀಟರ್. ಬೆಂಗಳೂರು, ಮೈಸೂರಿನ ಮಾರ್ಚ್–ಏಪ್ರಿಲ್ ಬಿಸಿಲಿಗೆ ಗರಿಕೆ ಜಾತಿಯ ಹುಲ್ಲಿಗೆ ದಿನಕ್ಕೆ ನಾಲ್ಕು ಮಿಲಿಮೀಟರ್ ಕೊಟ್ಟರೆ ಧಾರಾಳ. ದಿನಕ್ಕೆ 370 ಲೀಟರ್, ತಿಂಗಳಿಗೆ ಸುಮಾರು 11,000 ಲೀಟರ್ ಆಯಿತು. 12,000 ಲೀಟರ್ ಟ್ಯಾಂಕರ್ ಒಂದು ತಿಂಗಳಿಗೆ ಸಾಕು. ಇಷ್ಟೇ ಲಾನ್‌ಗೆ ಎರಡು ಟ್ಯಾಂಕರ್ ಖರ್ಚಾಗುತ್ತಿದ್ದರೆ ಒಂದು ಟ್ಯಾಂಕರ್ ನೀರು ಹುಲ್ಲಿನ ಬೇರಿಗೆ ಸಿಗದೆ ಎಲ್ಲೋ ಹೋಗುತ್ತಿದೆ. ಎಲ್ಲಿ ಎಂಬುದನ್ನು ಡಬ್ಬಿಗಳು ಹೇಳುತ್ತವೆ.

ಒಂದೇ ಅಳತೆಯ, ನೇರ ಗೋಡೆಯ ಹನ್ನೆರಡು ಡಬ್ಬಿ ಬೇಕು. ಬಾಯಿ ಅಗಲ, ಬುಡ ಕಿರಿದಾದ ಮೊಸರಿನ ಕಪ್ಪು ಆಗುವುದಿಲ್ಲ, ಅದರಲ್ಲಿ ಮಿಲಿಮೀಟರ್ ಲೆಕ್ಕ ತಪ್ಪುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ ಲಾನ್‌ನ ಉದ್ದಗಲಕ್ಕೂ ಸಮ ಅಂತರದಲ್ಲಿ ಇಡಿ. ಕೆಲವು ಸ್ಪ್ರಿಂಕ್ಲರ್ ಪಕ್ಕದಲ್ಲಿರಲಿ, ಕೆಲವು ಎರಡು ಸ್ಪ್ರಿಂಕ್ಲರ್‌ಗಳ ನಡುವೆ ಇರಲಿ, ಒಣಗಿದ ಮೂಲೆಯಲ್ಲಿ ಒಂದಾದರೂ ಇರಲಿ. ಸರಿಯಾಗಿ ಹತ್ತು ನಿಮಿಷ ನೀರು ಬಿಟ್ಟು ನಿಲ್ಲಿಸಿ, ಪ್ರತಿ ಡಬ್ಬಿಯೊಳಗೆ ಸ್ಕೇಲ್ ಇಳಿಸಿ ಬರೆದುಕೊಳ್ಳಿ. 9, 8, 8, 7, 7, 6, 6, 6, 6, 4, 3, 2 ಮಿಲಿಮೀಟರ್ ಬಂತೆನ್ನಿ. ಒಟ್ಟು 72, ಸರಾಸರಿ 6. ಅತಿ ಕಡಿಮೆ ಬಂದ ಕಾಲುಭಾಗ, ಅಂದರೆ ಕೊನೆಯ ಮೂರು ಡಬ್ಬಿಗಳ ಸರಾಸರಿ 3. ಮೂರನ್ನು ಆರರಿಂದ ಭಾಗಿಸಿದರೆ ಶೇ 50. ಒಣ ಮೂಲೆಗೆ ನಾಲ್ಕು ಮಿಲಿಮೀಟರ್ ತಲುಪಿಸಬೇಕಾದರೆ ಇಡೀ ಲಾನ್‌ಗೆ ಸರಾಸರಿ ಎಂಟು ಸುರಿಯಬೇಕೆಂದು ಇದರ ಅರ್ಥ. ಆ ಎರಡನೇ ಟ್ಯಾಂಕರ್ ಹೋಗಿದ್ದು ಇಲ್ಲಿಗೆ. ಶೇ 70 ದಾಟಿದರೆ ಮನೆಯ ಲಾನ್‌ಗೆ ಒಳ್ಳೆಯ ಹಂಚಿಕೆ. 50ರ ಆಸುಪಾಸಿನಲ್ಲಿದ್ದರೆ ಟೈಮರ್ ಮುಟ್ಟದೆ, ಹಂಚಿಕೆ ಕೆಟ್ಟಿದ್ದೇಕೆಂದು ಹುಡುಕಬೇಕು.

ಕೆಟ್ಟಿರುವುದು ಹೆಚ್ಚಾಗಿ ಒತ್ತಡದಿಂದ. ನೆಲದಿಂದ ಮೇಲೆದ್ದು ಬೀಸಣಿಗೆಯಂತೆ ನೀರು ಹರಡುವ ಪಾಪ್-ಅಪ್ ಸ್ಪ್ರೇಗೆ ನಾಜಲ್ (ನೀರು ಚಿಮ್ಮುವ ಮೂತಿ) ಹತ್ತಿರ 30 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ), ನಮ್ಮ ಗೇಜಿನ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ 2.1 ಕೆ.ಜಿ. ಇರಬೇಕು. ತೆಳ್ಳನೆಯ ಹಲವು ಎಳೆಗಳಾಗಿ ನಿಧಾನ ಸುತ್ತುವ ರೋಟೇಟರ್ ನಾಜಲ್‌ಗೆ 40 ಪಿಎಸ್‌ಐ, ದೂರ ಎಸೆಯುವ ಗೇರ್ ರೋಟರ್‌ಗೆ ಅದಕ್ಕೂ ತುಸು ಹೆಚ್ಚು. ನೀರಿನ ಕಂಬ ಒಂದು ಅಡಿ ಎತ್ತರವಿದ್ದರೆ ಸಿಗುವ ಒತ್ತಡ 0.43 ಪಿಎಸ್‌ಐ. ಎರಡು ಅಂತಸ್ತಿನ ಮನೆಯ ತಾರಸಿ ಟ್ಯಾಂಕ್ ಲಾನ್‌ನಿಂದ 30 ಅಡಿ ಮೇಲಿದ್ದರೆ ನೀರು ನಿಂತಿದ್ದಾಗಲೇ 13 ಪಿಎಸ್‌ಐ. ಹರಿಯಲು ಶುರುವಾದ ಮೇಲೆ ಪೈಪು, ಎಲ್ಬೋಗಳ ಒರಸಾಟದಲ್ಲಿ ಅದೂ ಇಳಿಯುತ್ತದೆ. ಇಷ್ಟು ಒತ್ತಡದಲ್ಲಿ ಪಾಪ್-ಅಪ್ ಪೂರ್ತಿ ಏಳುವುದಿಲ್ಲ. ಕತ್ತಿನ ರಬ್ಬರ್ ಸೀಲ್ ಬಿಗಿಯಾಗಿ ಕೂರದೆ ಸುತ್ತ ನೀರು ಜಿನುಗುತ್ತದೆ. 15 ಅಡಿ ಹೋಗಬೇಕಾದ ನೀರು ಆರೇಳು ಅಡಿಯಲ್ಲಿ ದಪ್ಪ ಹನಿಯಾಗಿ ಬೀಳುತ್ತದೆ. ನೋಡಿದವರು ಸ್ಪ್ರಿಂಕ್ಲರ್ ಹೆಡ್ ಕೆಟ್ಟಿದೆ ಅನ್ನುತ್ತಾರೆ. ಅದು ಕೆಟ್ಟಿಲ್ಲ. ತಾರಸಿ ಟ್ಯಾಂಕಿನ ನೀರಿಗೆ ಬೂಸ್ಟರ್ ಪಂಪ್ ಇಲ್ಲದೆ ಪಾಪ್-ಅಪ್ ಜೋಡಿಸಿಕೊಟ್ಟವರ ಲೆಕ್ಕ ಮೊದಲ ದಿನವೇ ತಪ್ಪಿತ್ತು, ಅಷ್ಟೆ. ಪಂಪ್ ಬೇಡವೆನ್ನುವವರು ಬೇಲಿಯಂಚಿನ ಕಿರಿದಾದ ಪಟ್ಟಿಗಳಿಗೆ ಸ್ಪ್ರಿಂಕ್ಲರ್ ಬಿಟ್ಟು ಇನ್‌ಲೈನ್ ಡ್ರಿಪ್ (ಉದ್ದಕ್ಕೂ ಹನಿ ಬಿಡುವ ಪೈಪ್) ಹಾಕಿಸುವುದು ಮೇಲು. ಅದು ಒಂದು ಕೆ.ಜಿ. ಒತ್ತಡದಲ್ಲೂ ಕೆಲಸ ಮಾಡುತ್ತದೆ.

ಇದರ ತಿರುಗುಮುರುಗೂ ಉಂಟು. ಬೋರ್‌ವೆಲ್ ಮೋಟಾರಿನಿಂದ ನೇರವಾಗಿ ಲೈನ್ ಎಳೆದ ಕಡೆ 60 ಪಿಎಸ್‌ಐ ದಾಟುತ್ತದೆ. ಆಗ ನೀರು ಹನಿಯಾಗದೆ ಹೊಗೆಯಂತೆ ಏಳುತ್ತದೆ. ಬೆಳಗಿನ ಬಿಸಿಲಲ್ಲಿ ಕಾಮನಬಿಲ್ಲು ಕಾಣಲು ಚೆಂದ, ಆದರೆ ಆ ನೀರು ಪಕ್ಕದ ಮನೆಯ ಗೋಡೆಗೆ. ಮುಖ್ಯ ಲೈನಿಗೆ ಪ್ರೆಶರ್ ರೆಗ್ಯುಲೇಟರ್ ಕೂರಿಸಿದರೆ, ಅಥವಾ ರೆಗ್ಯುಲೇಟರ್ ಒಳಗೇ ಇರುವ ಹೆಡ್ ಹಾಕಿದರೆ ಸರಿಹೋಗುತ್ತದೆ.

ಅಳೆಯಲು ಏಳು ಕೆ.ಜಿ.ವರೆಗೆ ತೋರಿಸುವ ಪ್ರೆಶರ್ ಗೇಜ್ ಸಾಕು, ಪಂಪ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಲಾನ್ ಲೈನ್ ಶುರುವಾಗುವ ಕಡೆ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಗೇಜ್ ಕೂರಿಸಿ, ಅದರಾಚೆಗೆ ಒಂದು ಬಾಲ್ ವಾಲ್ವ್ ಇಡಿ. ಪಂಪ್ ಓಡುತ್ತಿರುವಾಗ ವಾಲ್ವನ್ನು ನಿಧಾನವಾಗಿ ಮುಚ್ಚುತ್ತ ಗೇಜ್ 2.5 ಕೆ.ಜಿ. ತೋರಿಸುವಲ್ಲಿ ನಿಲ್ಲಿಸಿ. ಮೇಲಿನ ಅರ್ಧ ಕೆ.ಜಿ.ಗೆ ಹತ್ತಿರದ ಒತ್ತಡ ಪೈಪಿನ ನಷ್ಟಕ್ಕೆ ಬೇಕಾಗುತ್ತದೆ. ಆಗ ಹೊರಬರುವ ನೀರನ್ನು 20 ಲೀಟರ್ ಬಕೆಟ್‌ಗೆ ಹಿಡಿದು ಸೆಕೆಂಡ್ ಎಣಿಸಿ. 40 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 30 ಲೀಟರ್. ವಾಲ್ವ್ ಪೂರ್ತಿ ತೆರೆದು ಬಕೆಟ್ ತುಂಬಿಸಿ ಲೆಕ್ಕ ಹಾಕುವವರು ಇಲ್ಲಿಯೇ ಎಡವುತ್ತಾರೆ, ತೆರೆದ ಬಾಯಿಯಲ್ಲಿ ನೀರು ಹೆಚ್ಚು, ಒತ್ತಡ ಸೊನ್ನೆ. 15 ಅಡಿಯ ಸ್ಪ್ರೇ ನಾಜಲ್ ಪೂರ್ತಿ ವೃತ್ತಕ್ಕೆ ನಿಮಿಷಕ್ಕೆ ಸುಮಾರು 14 ಲೀಟರ್ ಕುಡಿಯುತ್ತದೆ, ಅರ್ಧ ವೃತ್ತಕ್ಕೆ 7, ಮೂಲೆಯ ಕಾಲು ವೃತ್ತಕ್ಕೆ 3.5. ನಿಮ್ಮಲ್ಲಿ ಬರುವುದು 30 ಲೀಟರ್ ಆದರೆ ಒಂದು ಸಲಕ್ಕೆ ನಾಲ್ಕು ಅರ್ಧವೃತ್ತ, ಅಲ್ಲಿಗೆ ಮುಗಿಯಿತು. ಅದೇ ವಾಲ್ವ್‌ಗೆ ಎಂಟು ಹೆಡ್ ಜೋಡಿಸಿದ್ದರೆ ಪಂಪ್‌ಗೆ ಹತ್ತಿರ ಇರುವ ನಾಲ್ಕು ಎದ್ದು ನಿಲ್ಲುತ್ತವೆ, ದೂರದ ನಾಲ್ಕು ತಲೆ ಮಾತ್ರ ತೋರಿಸುತ್ತವೆ. ಆ ಲೈನನ್ನು ಎರಡು ವಾಲ್ವ್‌ಗೆ ಒಡೆಯಬೇಕು, ಇಲ್ಲವೇ ಎಲ್ಲ ಸ್ಪ್ರೇ ನಾಜಲ್‌ಗಳನ್ನೂ ತೆಗೆದು ಕಡಿಮೆ ನೀರು ಕುಡಿಯುವ ರೋಟೇಟರ್ ನಾಜಲ್ ಹಾಕಬೇಕು. ಕೆಲವನ್ನಷ್ಟೇ ಬದಲಿಸಬಾರದು. ಸ್ಪ್ರೇ ಗಂಟೆಗೆ ಸುಮಾರು 40 ಮಿಲಿಮೀಟರ್ ಸುರಿದರೆ ರೋಟೇಟರ್ 10 ಮಿಲಿಮೀಟರ್. ಎರಡೂ ಒಂದೇ ವಾಲ್ವ್ ಮೇಲಿದ್ದರೆ ಒಂದರ ಜಾಗ ಕೆಸರು, ಇನ್ನೊಂದರದು ಬರಗಾಲ.

ಒತ್ತಡ ಸರಿಯಿದ್ದೂ ನೀರು ಸೊಟ್ಟಪಟ್ಟ ಬೀಳುತ್ತಿದ್ದರೆ ನಾಜಲ್ ನೋಡಿ. ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಸ್ಟೀಲ್ ಪಾತ್ರೆಗೆ ಹತ್ತುವಂತೆ ನಾಜಲ್ ಸೀಳಿಗೂ ಹತ್ತುತ್ತದೆ. ಬೀಸಣಿಗೆಯಂತೆ ಹರಡಬೇಕಾದ ನೀರಿನಲ್ಲಿ ಬೆರಳಗಲದ ಖಾಲಿ ಸೀಳುಗಳು ಕಾಣುತ್ತವೆ, ಆ ಸೀಳಿನ ನೇರಕ್ಕೆ ಹುಲ್ಲು ಗೆರೆ ಎಳೆದಂತೆ ಒಣಗುತ್ತದೆ. ಪಿನ್, ಸೂಜಿ, ತಂತಿಯಿಂದ ಕೆದಕಬೇಡಿ. ಪ್ಲಾಸ್ಟಿಕ್ ಸೀಳು ಕೂದಲೆಳೆಯಷ್ಟು ಅಗಲವಾದರೂ ಅಳತೆ ಕೆಟ್ಟಿತು, ಆಮೇಲೆ ಆ ನಾಜಲ್ ಎಸೆಯುವುದೇ ಗತಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ ನಾಜಲ್‌ಗಳನ್ನು ಒಂದು ಗಂಟೆ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಸುಣ್ಣ ದಪ್ಪಗಿದ್ದರೆ ರಾತ್ರಿಯಿಡೀ ಬಿಡಿ. ಆಸಿಡ್ ಬಾಟಲಿಗೆ ಕೈಹಾಕುವ ಅಗತ್ಯವಿಲ್ಲ, ಅದು ರಬ್ಬರ್ ಸೀಲನ್ನೂ ಕೈಯನ್ನೂ ಸುಡುತ್ತದೆ. ನಾಜಲ್ ಕೆಳಗೆ ಬುಟ್ಟಿಯಂಥ ಪುಟ್ಟ ಜಾಲರಿ ಇರುತ್ತದೆ. ಅದನ್ನು ತೊಳೆದು ಮತ್ತೆ ಕೂರಿಸಿ. ಅದು ಇಲ್ಲದಿದ್ದರೆ ನೀರು ಜೋರಾಗಿ ಬರುತ್ತದೆಂದು ತೆಗೆದು ಬಿಸಾಡುವವರಿದ್ದಾರೆ. ಮುಂದಿನ ವಾರವೇ ಮರಳು ನಾಜಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಜಾಲರಿ ಪದೇಪದೇ ಕಟ್ಟಿಕೊಳ್ಳುತ್ತಿದ್ದರೆ ಮುಖ್ಯ ಫಿಲ್ಟರ್ ಇಲ್ಲ, ಅಥವಾ ಇದ್ದೂ ಸತ್ತಿದೆ. ಡ್ರಿಪ್ ಕಂಪನಿಗಳು ರೈತರಿಗೆ ಮಾರುವ 120 ಮೆಶ್‌ನ ಡಿಸ್ಕ್ ಫಿಲ್ಟರ್ ಮನೆಯ ಲಾನ್‌ಗೂ ಅತ್ಯುತ್ತಮ. ಅದು 130 ಮೈಕ್ರಾನ್‌ಗಿಂತ ದಪ್ಪ ಕಣ ತಡೆಯುತ್ತದೆ. ಫಿಲ್ಟರ್‌ನ ಹಿಂದೆ, ಮುಂದೆ ಒಂದೊಂದು ಗೇಜ್ ಇರಲಿ. ಎರಡರ ನಡುವೆ ಅರ್ಧ ಕೆ.ಜಿ. ವ್ಯತ್ಯಾಸ ಕಂಡ ದಿನ ಬಿಚ್ಚಿ, ಬಿಲ್ಲೆಗಳನ್ನು ಸಡಿಲಿಸಿ, ಬಕೆಟ್ ನೀರಿನಲ್ಲಿ ಜಾಲಾಡಿ. ತಾರೀಕು ನೋಡಿ ತೊಳೆಯುವುದಕ್ಕಿಂತ ಇದು ಸರಿ, ಏಕೆಂದರೆ ಬೇಸಿಗೆಯಲ್ಲಿ ಬೋರ್‌ವೆಲ್ ತಳ ಮುಟ್ಟಿದಾಗ ವಾರಕ್ಕೇ ಕಟ್ಟಿಕೊಳ್ಳುವ ಫಿಲ್ಟರ್ ಮಳೆಗಾಲದಲ್ಲಿ ಎರಡು ತಿಂಗಳು ಬಾಳುತ್ತದೆ.

ಹೆಡ್‌ನ ಎತ್ತರದ ಬಗ್ಗೆ ಒಂದು ಮಾತು. ವರ್ಷಕ್ಕೊಮ್ಮೆ ಲಾನ್ ಮೇಲೆ ಕೆಮ್ಮಣ್ಣು, ಗೊಬ್ಬರ ಹರಡುತ್ತೇವೆ. ನಾಲ್ಕೈದು ವರ್ಷದಲ್ಲಿ ನೆಲ ಎರಡು ಮೂರು ಸೆಂಟಿಮೀಟರ್ ಏರಿರುತ್ತದೆ, ಹೆಡ್ ಇದ್ದಲ್ಲೇ ಇರುತ್ತದೆ. ನಾಲ್ಕು ಇಂಚು ಏಳುವ ಪಾಪ್-ಅಪ್‌ನ ನೀರು ಸುತ್ತಲಿನ ಹುಲ್ಲಿಗೇ ಬಡಿದು ಅಲ್ಲೇ ಬೀಳುತ್ತದೆ. ಹೆಡ್ ಸುತ್ತ ಹಸಿರು ಉಂಗುರ, ಅದರಾಚೆ ಕಂದು ಬಣ್ಣ ಕಂಡರೆ ಇದೇ ರೋಗ. ಸುತ್ತ ಒಂದು ಗೇಣು ಅಗಲ ಹುಲ್ಲನ್ನು ಬೇರು, ಮಣ್ಣಿನ ಸಮೇತ ಹೆಂಟೆಯಾಗಿ ಕತ್ತರಿಸಿ ಪಕ್ಕಕ್ಕಿಡಿ, ಕರಣೆಯಿಂದ ಮಣ್ಣು ತೆಗೆಯಿರಿ, ಹೆಡ್ ತಿರುಗಿಸಿ ಬಿಚ್ಚಿ ಕೆಳಗೆ ಉದ್ದನೆಯ ನಿಪ್ಪಲ್ (ಎರಡೂ ತುದಿಗೆ ತಿರುಪಿರುವ ಪೈಪ್ ತುಂಡು) ಹಾಕಿ. ಸಾಧ್ಯವಾದರೆ ಗಟ್ಟಿ ನಿಪ್ಪಲ್ ಬದಲು ಬಾಗುವ ಪೈಪಿನ ಸ್ವಿಂಗ್ ಜಾಯಿಂಟ್ ಹಾಕಿ. ಆಗ ಕಾರಿನ ಚಕ್ರ ಹತ್ತಿದರೂ, ಹುಲ್ಲು ಕತ್ತರಿಸುವ ಯಂತ್ರ ತಾಗಿದರೂ ಹೆಡ್ ಪಕ್ಕಕ್ಕೆ ಜರುಗುತ್ತದೆ, ನೆಲದೊಳಗಿನ ಟೀ ಒಡೆಯುವುದಿಲ್ಲ. ಹೆಡ್‌ನ ಮೇಲಂಚು ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕೂರಲಿ.

ಇಲ್ಲಿ ಮರೆಯ, ಅಂದರೆ ತಿರುಪಿನ ಥ್ರೆಡ್‌ನ, ಅಳತೆಯ ಒಂದು ಗೊಂದಲವಿದೆ, ಅನುಭವಿ ಪ್ಲಂಬರ್‌ಗಳೂ ಸಿಕ್ಕಿಬೀಳುತ್ತಾರೆ. ಅಮೆರಿಕದಿಂದ ಬರುವ ಹೆಡ್, ವಾಲ್ವ್‌ಗಳ ಮರೆ ಎನ್‌ಪಿಟಿ, ನಮ್ಮ ಫಿಟಿಂಗ್‌ಗಳದು ಬಿಎಸ್‌ಪಿ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು, ಹಾಗಾಗಿ ಟೆಫ್ಲಾನ್ ಟೇಪ್ ನಾಲ್ಕು ಸುತ್ತು ಬಿಗಿದರೆ ಹೇಗೋ ಕೂರುತ್ತದೆ. ಒಂದು ಇಂಚಿನಲ್ಲಿ ಎನ್‌ಪಿಟಿಗೆ ಹನ್ನೊಂದೂವರೆ ಸುತ್ತು, ಬಿಎಸ್‌ಪಿಗೆ ಹನ್ನೊಂದು. ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗುತ್ತದೆ, ಕೂತಿತು ಅನ್ನಿಸುತ್ತದೆ, ಸೋರುತ್ತದೆ. ಇನ್ನಷ್ಟು ಬಿಗಿದರೆ ಪ್ಲಾಸ್ಟಿಕ್ ವಾಲ್ವ್‌ನ ಬಾಯಿ ಬಿರುಕು ಬಿಡುತ್ತದೆ. ಒಂದು ಇಂಚಿನ ಸೊಲೆನಾಯ್ಡ್ ವಾಲ್ವ್ (ಟೈಮರ್‌ನ ಕರೆಂಟಿಗೆ ತೆರೆದುಕೊಳ್ಳುವ ವಾಲ್ವ್) ಕೊಳ್ಳುವಾಗ ಬಿಎಸ್‌ಪಿ ಎಂದು ಕೇಳಿಯೇ ತೆಗೆದುಕೊಳ್ಳಿ.

ಸೊಲೆನಾಯ್ಡ್ ವಾಲ್ವ್ ಎಂದಾಗ ಮನೆಯವರು ಹೆದರುತ್ತಾರೆ. ಅಷ್ಟೇನೂ ಕಷ್ಟದ ವಸ್ತುವಲ್ಲ. ಒಳಗೆ ಒಂದು ರಬ್ಬರ್ ಡಯಾಫ್ರಂ, ಒಂದು ಸ್ಪ್ರಿಂಗ್, ಮೇಲೆ ಒಂದು ಕಾಯಿಲ್ (ತಂತಿಯ ಸುರುಳಿ). ಡಯಾಫ್ರಂನ ಮೇಲೂ ಕೆಳಗೂ ನೀರಿನ ಒತ್ತಡ ಇರುತ್ತದೆ. ಕಾಯಿಲ್‌ಗೆ ಕರೆಂಟ್ ಬಂದಾಗ ಮೇಲಿನ ಕೋಣೆಯ ನೀರು ಸಣ್ಣ ರಂಧ್ರದಿಂದ ಹೊರಹೋಗಿ ಡಯಾಫ್ರಂ ಏಳುತ್ತದೆ. ಕರೆಂಟ್ ಹೋದಾಗ ಕೋಣೆ ಮತ್ತೆ ತುಂಬಿ ಡಯಾಫ್ರಂ ಕೆಳಗೆ ಒತ್ತಿಕೊಳ್ಳುತ್ತದೆ. ಅಂದರೆ ವಾಲ್ವನ್ನು ಮುಚ್ಚುವುದು ನೀರಿನ ಒತ್ತಡವೇ. ತಾರಸಿ ಟ್ಯಾಂಕಿನ 13 ಪಿಎಸ್‌ಐ ಮೇಲೆ ನಡೆಯುವ ವಾಲ್ವ್‌ಗಳು ರಾತ್ರಿಯಿಡೀ ಜಿನುಗುವುದು ಇದೇ ಕಾರಣಕ್ಕೆ. ಬಹಳಷ್ಟು ವಾಲ್ವ್‌ಗಳಿಗೆ ಕನಿಷ್ಠ 10ರಿಂದ 20 ಪಿಎಸ್‌ಐ ಬೇಕು.

ಒತ್ತಡವಿದ್ದೂ ವಾಲ್ವ್ ಮುಚ್ಚದಿದ್ದರೆ ಮೊದಲು ಪಕ್ಕದ ಬ್ಲೀಡ್ ಸ್ಕ್ರೂ (ಒಳಗಿನ ಒತ್ತಡ ಹೊರಬಿಡುವ ತಿರುಪು) ಸಡಿಲವಿದೆಯೇ ನೋಡಿ. ಆಮೇಲೆ ಕಾಯಿಲ್ ಕೈಬಿಗಿಯಾಗಿದೆಯೇ ನೋಡಿ. ಇಕ್ಕಳ ಹಾಕಿ ತಿರುಗಿಸಬೇಡಿ, ಕೈಯಷ್ಟೇ ಸಾಕು. ಎರಡೂ ಸರಿಯಿದ್ದರೆ ಡಯಾಫ್ರಂ ಕೆಳಗೆ ಮರಳು ಸಿಕ್ಕಿಕೊಂಡಿದೆ. ಮುಖ್ಯ ಬಾಲ್ ವಾಲ್ವ್ ಮುಚ್ಚಿ, ಬ್ಲೀಡ್ ಸ್ಕ್ರೂ ತೆರೆದು ಒತ್ತಡ ಬಿಡಿ. ಮುಚ್ಚಳದ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಚ್ಚಿ, ಸ್ಪ್ರಿಂಗ್ ಹಾರಿಹೋಗದಂತೆ ಅಂಗೈ ಅಡ್ಡ ಇಟ್ಟು ಮುಚ್ಚಳ ಎತ್ತಿ. ಡಯಾಫ್ರಂ ಯಾವ ಮುಖ ಮೇಲಿತ್ತೆಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ರಬ್ಬರನ್ನು ಬೆಳಕಿಗೆ ಹಿಡಿದು ಎಳೆದು ನೋಡಿ, ಅಂಚಿನಲ್ಲಿ ಸಣ್ಣ ಸೀಳಿದ್ದರೂ ಬದಲಿಸಿ. ಡಯಾಫ್ರಂ ಕೂರುವ ಉಂಗುರದ ಮೇಲೆ ಬೆರಳಾಡಿಸಿ, ಸಾಸಿವೆಗಿಂತ ಚಿಕ್ಕ ಕಲ್ಲಿದ್ದರೂ ಉಗುರಿಗೆ ತಾಗುತ್ತದೆ. ಅದನ್ನು ತೆಗೆದು, ರಂಧ್ರಗಳಲ್ಲಿ ಊದಿ, ತೊಳೆದು, ತೆಗೆದ ಕ್ರಮದಲ್ಲೇ ಕೂರಿಸಿ, ಎದುರುಬದುರಾಗಿ ಬಿಗಿಯಿರಿ. ಹೊಸದಾಗಿ ಹಾಕಿಸಿದ ವಾಲ್ವ್ ಮೊದಲ ದಿನದಿಂದಲೂ ಮುಚ್ಚದಿದ್ದರೆ ಮೈಮೇಲಿನ ಬಾಣದ ಗುರುತು ನೋಡಿ, ತಿರುಗಾಮುರುಗಾ ಜೋಡಿಸಿರುತ್ತಾರೆ.

ವಾಲ್ವ್ ತೆರೆಯದಿದ್ದರೆ ಮಲ್ಟಿಮೀಟರ್ ಬೇಕು. ಟೈಮರ್‌ನ ಪ್ಲಗ್ ಕಿತ್ತು, ಆ ವಾಲ್ವ್‌ನ ವೈರ್ ಬಿಡಿಸಿ, ಅದಕ್ಕೂ ಕಾಮನ್ ವೈರ್‌ಗೂ (ಎಲ್ಲ ವಾಲ್ವ್‌ಗಳಿಗೂ ಸೇರಿದ ಒಂದೇ ವೈರ್) ನಡುವೆ ಓಮ್ ಅಳೆಯಿರಿ. 20ರಿಂದ 60ರೊಳಗೆ ಬಂದರೆ ವೈರ್, ಕಾಯಿಲ್ ಎರಡೂ ಚೆನ್ನಾಗಿವೆ. ಏನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಟೈಮರ್‌ನ ಫ್ಯೂಸ್ ಹಾರುವುದು ಅದಕ್ಕೇ. ತುಂಡಾಗುವ ಜಾಗ ಸಾಮಾನ್ಯವಾಗಿ ವಾಲ್ವ್ ಪೆಟ್ಟಿಗೆಯೊಳಗಿನ ಜೋಡಣೆ. ಬರಿಯ ಇನ್ಸುಲೇಷನ್ ಟೇಪ್ ಸುತ್ತಿದ ತಾಮ್ರ ಒಂದು ಮಳೆಗಾಲದಲ್ಲಿ ಹಸಿರು ಪುಡಿಯಾಗುತ್ತದೆ. ಜೆಲ್ ತುಂಬಿದ ಕನೆಕ್ಟರ್ ಹಾಕಿ. ಪೆಟ್ಟಿಗೆಯ ತಳಕ್ಕೆ ನಾಲ್ಕು ಇಂಚು ಜಲ್ಲಿ ಸುರಿದರೆ ನೀರು ನಿಲ್ಲುವುದಿಲ್ಲ. ಹೆಗ್ಗಣದ ಕಾಟವಿರುವ ಕಡೆ ವೈರನ್ನು ಪೈಪಿನೊಳಗೆ ಎಳೆಯಿರಿ.

ನೆಲದೊಳಗಿನ ಸೋರಿಕೆ ಹಿಡಿಯಲು ಸಂಪೇ ಮೀಟರ್. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಲಾನ್ ಲೈನಿನ ಪಂಪ್ ಚಾಲೂ ಇಟ್ಟು, ಸಂಪಿನ ಗೋಡೆಗೆ ನೀರಿನ ಮಟ್ಟದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಆರಡಿ ಚೌಕದ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ 33 ಲೀಟರ್ ಹೋಯಿತು. ಯಾರೂ ನೀರು ಬಳಸದಿದ್ದರೂ ಬೂಸ್ಟರ್ ಪಂಪ್ ಎರಡೆರಡು ನಿಮಿಷಕ್ಕೆ ಗುರುಗುಟ್ಟುತ್ತಿದ್ದರೆ ಎರಡು ಸಾಧ್ಯತೆ. ಒಂದೋ ಪೈಪ್ ಅಥವಾ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಸೋರುತ್ತಿದೆ, ಇಲ್ಲವೇ ಪಂಪಿನ ಪ್ರೆಶರ್ ಟ್ಯಾಂಕ್‌ನ ಗಾಳಿ ಇಳಿದಿದೆ. ಪಂಪ್ ಆರಿಸಿ, ಟ್ಯಾಂಕಿನ ನೀರು ಖಾಲಿ ಮಾಡಿ, ಟೈರ್ ಗೇಜ್ ಇಟ್ಟು ನೋಡಿ. ಪಂಪ್ 30 ಪಿಎಸ್‌ಐಗೆ ಶುರುವಾಗುವಂತಿದ್ದರೆ ಗಾಳಿ 28 ಇರಬೇಕು. ಕಡಿಮೆಯಿದ್ದರೆ ಸೈಕಲ್ ಪಂಪ್‌ನಲ್ಲೇ ತುಂಬಬಹುದು. ಇಷ್ಟಕ್ಕೇ ಹೊಸ ಪಂಪ್ ಕೊಂಡ ಮನೆಗಳು ಕಡಿಮೆಯಿಲ್ಲ.

ನೀರು ನಿಲ್ಲಿಸಿದ ಮೇಲೂ ಲಾನ್‌ನ ತಗ್ಗಿನಲ್ಲಿರುವ ಒಂದೇ ಹೆಡ್‌ನಿಂದ ಹತ್ತು ನಿಮಿಷ ನೀರು ಹರಿದು ನಿಂತರೆ ಅದು ವಾಲ್ವ್‌ನ ದೋಷವಲ್ಲ, ಪೈಪಿನಲ್ಲಿ ಉಳಿದ ನೀರು ಇಳಿಯುವುದು. ಆ ಜಾಗಕ್ಕೆ, ಉಳಿದ ನೀರು ಇಳಿಯದಂತೆ ತಡೆಯುವ ಚೆಕ್ ವಾಲ್ವ್ ಒಳಗೇ ಇರುವ ಹೆಡ್ ಹಾಕಿ. ಹರಿಯುವುದು ನಿಲ್ಲದೇ ಇದ್ದರೆ ಮಾತ್ರ ವಾಲ್ವ್ ಬಿಚ್ಚಿ.

ಒಡೆದ ಪಿವಿಸಿ ಪೈಪಿಗೆ ಟ್ಯೂಬ್ ರಬ್ಬರ್ ಸುತ್ತುವುದು ರಿಪೇರಿಯಲ್ಲ. ಒಡೆದ ಜಾಗದ ಎರಡೂ ಕಡೆ ಒಂದೊಂದು ಅಡಿ ಅಗೆದು, ಗುಂಡಿಯ ನೀರು ಬಳಿದು, ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ಕೆರೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಪೈಪಿಗೂ ಕಪ್ಲರ್‌ಗೂ (ಎರಡು ತುದಿ ಸೇರಿಸುವ ಜೋಡಣೆ) ಸಲ್ಯೂಷನ್, ಅಂದರೆ ಪಿವಿಸಿ ಅಂಟು, ಸವರಿ, ಕಾಲು ಸುತ್ತು ತಿರುಗಿಸಿ ಒತ್ತಿ, ಅರ್ಧ ನಿಮಿಷ ಹಿಡಿದುಕೊಳ್ಳಿ. ಒದ್ದೆ ಪೈಪಿಗೆ ಸಲ್ಯೂಷನ್ ಹಿಡಿಯುವುದಿಲ್ಲ, ಎರಡನೇ ಸಲ ಸೋರುವ ಜಾಯಿಂಟ್‌ಗಳ ಕತೆ ಬಹುತೇಕ ಇದೇ. ಪೂರ್ತಿ ಒತ್ತಡ ಮರುದಿನ ಕೊಡಿ. ಅದಕ್ಕೆ ಮೊದಲು ಲೈನಿನ ಕೊನೆಯ ಹೆಡ್‌ನ ನಾಜಲ್ ಬಿಚ್ಚಿ ಎರಡು ನಿಮಿಷ ನೀರು ಬಿಡಿ. ಕೆಮ್ಮಣ್ಣಿನ ನೀರು ತಿಳಿಯಾದ ಮೇಲೆ ನಾಜಲ್ ಹಾಕಿ.

ಇಷ್ಟಾದ ಮೇಲೆ ಟೈಮರ್. ಡಬ್ಬಿಯಲ್ಲಿ ಹತ್ತು ನಿಮಿಷಕ್ಕೆ 6 ಮಿಲಿಮೀಟರ್ ಬಂದಿದ್ದರೆ ಗಂಟೆಗೆ 36. ಏಪ್ರಿಲ್‌ನಲ್ಲಿ ದಿನ ಬಿಟ್ಟು ದಿನ 8 ಮಿಲಿಮೀಟರ್ ಕೊಡಲು ಹದಿಮೂರು ನಿಮಿಷ ಸಾಕು. ಒಂದೇ ಸಲಕ್ಕೆ ಬಿಟ್ಟರೆ ಗಟ್ಟಿಯಾದ ಕೆಂಪು ಮಣ್ಣು ಅಷ್ಟು ಬೇಗ ಕುಡಿಯುವುದಿಲ್ಲ, ನೀರು ರಸ್ತೆಗೆ ಹರಿಯುತ್ತದೆ. ನಾಲ್ಕೂವರೆ ನಿಮಿಷದಂತೆ ಮೂರು ಸಲ, ನಡುವೆ ಅರ್ಧ ಗಂಟೆ ಬಿಟ್ಟು ಕೊಡಿ. ಮರುದಿನ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ನಾಲ್ಕು ಇಂಚು ಸಲೀಸಾಗಿ ಇಳಿದರೆ ನೀರು ಬೇರಿಗೆ ತಲುಪಿದೆ. ಡಿಸೆಂಬರಿನಲ್ಲಿ ಇದೇ ಹದಿಮೂರು ನಿಮಿಷ ನಾಲ್ಕು ದಿನಕ್ಕೊಮ್ಮೆ ಸಾಕಾಗುತ್ತದೆ. ನಸುಕಿನ ನಾಲ್ಕರಿಂದ ಆರರೊಳಗೆ ಬಿಡುವುದು ಒಳ್ಳೆಯದು. ಆಷಾಢದ ಗಾಳಿಯಲ್ಲಿ ಹಗಲು ಬಿಟ್ಟ ಸ್ಪ್ರೇ ನೀರು ಅರ್ಧ ಬೀದಿಗೇ. ಸಂಜೆ ಬಿಟ್ಟರೆ ರಾತ್ರಿಯಿಡೀ ಒದ್ದೆಯಾಗಿರುವ ಹುಲ್ಲಿಗೆ ಬೂಷ್ಟು ಹಿಡಿಯುತ್ತದೆ. ಕರೆಂಟ್ ಹೋಗಿ ಬಂದಾಗ ಕೆಲವು ಹಳೆಯ ಟೈಮರ್‌ಗಳು ನಿಮ್ಮ ಲೆಕ್ಕ ಮರೆತು, ಎಲ್ಲ ವಾಲ್ವ್‌ಗೂ ದಿನಕ್ಕೆ ಹತ್ತು ನಿಮಿಷ ಎಂಬ ಕಾರ್ಖಾನೆಯ ಲೆಕ್ಕಕ್ಕೆ ಮರಳುತ್ತವೆ. ಒಳಗಿನ ಬ್ಯಾಟರಿಯನ್ನು ಯುಗಾದಿಗೊಮ್ಮೆ ಬದಲಿಸಿ. ಮಳೆಗಾಲಕ್ಕೆ ರೇನ್ ಸೆನ್ಸರ್ ಒಂದಿರಲಿ, ಸೂರಿನಿಂದಾಚೆ, ಮರದ ನೆರಳಿಲ್ಲದಲ್ಲಿ. ಮಳೆ ಸುರಿಯುವಾಗಲೂ ಓಡುವ ಸ್ಪ್ರಿಂಕ್ಲರ್ ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಕಾವೇರಿ ನೀರಿನ ಪೈಪಿಗೆ ಸ್ಪ್ರಿಂಕ್ಲರ್ ಲೈನನ್ನು ನೇರವಾಗಿ ಜೋಡಿಸಬೇಡಿ, ನಡುವೆ ವಾಲ್ವ್ ಇದ್ದರೂ ಸರಿಯೇ. ಇದು ದಂಡದ ಪ್ರಶ್ನೆ ಮಾತ್ರವಲ್ಲ. ದಿನ ಬಿಟ್ಟು ದಿನ ನೀರು ಬರುವ ಪೈಪಿನಲ್ಲಿ ನೀರು ನಿಂತಾಗ ಒಳಗೆ ಗಾಳಿ ಎಳೆಯುತ್ತದೆ. ನೆಲಮಟ್ಟದಲ್ಲಿ ಕೂತ ಹೆಡ್ ಸುತ್ತಲಿನ ಗೊಬ್ಬರದ ನೀರು, ನಾಯಿಯ ಮೂತ್ರ ಆ ಎಳೆತಕ್ಕೆ ಒಳಹೋಗಿ ನಿಮ್ಮ, ನೆರೆಯವರ ಕುಡಿಯುವ ನೀರಿಗೆ ಸೇರುತ್ತದೆ. ಲಾನ್ ನೀರು ಬೇರೆ ಸಂಪಿನಿಂದ, ಬೇರೆ ಪಂಪಿನಿಂದಲೇ ಬರಲಿ. ಲಾನ್ ಇಡುವಷ್ಟು ಜಾಗವಿರುವ ಮನೆ ಸಾಮಾನ್ಯವಾಗಿ 60×40 ನಿವೇಶನದ್ದು. ಅಂಥ ಮನೆಗೆ ಮಳೆನೀರು ಸಂಗ್ರಹ 2009ರಿಂದಲೇ ಕಡ್ಡಾಯ, ಆ ತೊಟ್ಟಿಯೇ ಲಾನ್‌ನ ಮೊದಲ ಮೂಲವಾಗಬೇಕು. ಸಾವಿರ ಚದರಡಿ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರ್ ದಾಟುತ್ತದೆ. ಸಂಸ್ಕರಿಸಿದ ಕೊಳಚೆ ನೀರನ್ನು ಬಳಸುವವರು ಮಕ್ಕಳು ಹೊರಬರುವ ಮೊದಲೇ ಬಿಟ್ಟು ಮುಗಿಸಲಿ. ಫಿಲ್ಟರನ್ನೂ ಹೆಚ್ಚಾಗಿ ತೊಳೆಯಬೇಕಾಗುತ್ತದೆ.

ಸ್ಪ್ರಿಂಕ್ಲರ್ ಜೋಡಿಸಿಕೊಡುವವರಿಗೆ ಕೊನೆಯ ಕಂತು ಕೊಡುವ ಮುನ್ನ ಎರಡು ಕಾಗದ ಕೇಳಿ ಪಡೆಯಿರಿ. ಪೈಪ್, ವಾಲ್ವ್, ವೈರ್ ಎಲ್ಲೆಲ್ಲಿ ಹೋಗಿವೆ ಎಂಬ ಕೈನಕ್ಷೆ ಒಂದು, ಪ್ರತಿ ವಾಲ್ವ್ ಓಡುತ್ತಿರುವಾಗಿನ ಪ್ರೆಶರ್, ಲೀಟರ್ ಬರೆದ ಚೀಟಿ ಇನ್ನೊಂದು. ನಾಳೆ ಪ್ರೆಶರ್ ಇಳಿದರೆ ಯಾವ ಮಟ್ಟದಿಂದ ಇಳಿಯಿತೆಂಬುದು ಆ ಚೀಟಿಯಿಂದ ಗೊತ್ತಾಗುತ್ತದೆ.

ತಮ್ಮಲ್ಲಿ ಒಂದು ವಿನಂತಿ. ಪತ್ರಿಕೆಯ ಹವಾಮಾನ ಅಂಕಣದಲ್ಲಿ ದಿನವೂ ಉಷ್ಣಾಂಶ, ಮಳೆಯ ಅಂಕಿ ಬರುತ್ತದೆ. ಹಿಂದಿನ ದಿನ ಎಷ್ಟು ಮಿಲಿಮೀಟರ್ ನೀರು ಆವಿಯಾಯಿತೆಂಬ ಅಂಕಿಯನ್ನೂ ಅದರ ಪಕ್ಕದಲ್ಲಿ ಅಚ್ಚುಹಾಕಿ. ಬೆಂಗಳೂರಿನ ಜಿಕೆವಿಕೆ ಸೇರಿದಂತೆ ಕೃಷಿ ವಿಶ್ವವಿದ್ಯಾಲಯಗಳ ಹವಾಮಾನ ಕೇಂದ್ರಗಳು ತೆರೆದ ಬಾಣಲೆಯಲ್ಲಿ ಇದನ್ನು ಅಳೆಯುತ್ತವೆ. 6 ಮಿಲಿಮೀಟರ್ ಎಂದು ಓದಿದ ಮನೆಯವರು ಅದರ ಮೂರರಲ್ಲಿ ಎರಡು ಭಾಗ, ಅಂದರೆ 4 ಮಿಲಿಮೀಟರ್, ಹುಲ್ಲಿಗೆ ಕೊಟ್ಟರೆ ಆಯಿತು. ರೈತರಿಗೂ ಇದೇ ಅಂಕಿ ಡ್ರಿಪ್ ಗಂಟೆಗಳ ಲೆಕ್ಕಕ್ಕೆ ಬರುತ್ತದೆ. ಒಂದೇ ಸಾಲಿನ ಜಾಗ ಸಾಕು.

ಇತಿ,
ಮನೆತೋಟದ ನೀರಾವರಿ ಕೆಲಸದವರು, ಬೆಂಗಳೂರು